ಹತ್ತರ ಮೇಲೊಂದು

೮ ಫೆಬ್ರವರಿ ೧೯೭೯, ಬಳ್ಳಾರಿ

ಗುರುಬಸಮ್ಮ ಬದುಕಿದ್ದಾಳೆ. ಬೇರೆ ಏನನ್ನೇ ಬರೆಯುವ ಮೊದಲು ಇದನ್ನು ಬರೆದುಬಿಡಬೇಕು.

ಬೆಳಗ್ಗೆ ಒಂಬತ್ತಕ್ಕೆ ಅವಳನ್ನು ಆಪರೇಷನ್ ಕೋಣೆಯ ಒಳಗೆ ಕರೆದುಕೊಂಡು ಹೋದರು. ಹನ್ನೊಂದೂವರೆಗೆ ಡಾಕ್ಟರ್ ಉಜ್ಜಿನಪ್ಪ ಹೊರಗೆ ಬಂದ. ಕೈಯಲ್ಲಿ ಎನಾಮಲ್ ತಟ್ಟೆ. ತಟ್ಟೆಯಲ್ಲಿ ಅಂಗೈಯಗಲದ ಒಂದು ಬಟ್ಟೆ, ಅದರ ಬಣ್ಣ ಬರೆಯಲಾರೆ. ಹೋದ ನವೆಂಬರಿನಲ್ಲಿ ಇದೇ ನರ್ಸಿಂಗ್ ಹೋಮಿನಲ್ಲಿ ಇದೇ ಮನುಷ್ಯ ನನ್ನ ಹೆಂಡತಿಯ ಗರ್ಭಕೋಶದ ಗಡ್ಡೆ ತೆಗೆದಿದ್ದ. ಆವತ್ತಿನಿಂದ ಅವಳಿಗೆ ಜ್ವರ, ಹೊಟ್ಟೆನೋವು. ಕುರುಗೋಡಿನಿಂದ ಮೂರು ಸಲ ಬಸ್ಸಿನಲ್ಲಿ ಕರೆತಂದೆ. ಮೂರು ಸಲವೂ ವಾಯು ಎಂದು ಗುಳಿಗೆ ಬರೆದುಕೊಟ್ಟ.

"ಮಾಸ್ತರ, ಇದು ನಿಮ್ಮ ಮನಿಯವರ ಹೊಟ್ಟ್ಯಾಗಿತ್ತು. ರಕ್ತ ಒರಸೋ ಬಟ್ಟಿ. ನಾವು ಬಿಟ್ಟದ್ದು. ತಪ್ಪು ನಮ್ಮದು," ಎಂದ.

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನ ಬಾಯಿಂದ ಆಗ ಬಂದದ್ದು ಒಂದೇ ಮಾತು: ಆಕಿ ಉಳೀತಾಳೇನು? ಉಳೀತಾರ ಎಂದ.

ಎರಡು ಬಾಟಲಿ ರಕ್ತ ಬೇಕಾಯಿತು. ನನ್ನದು ಹೊಂದಲಿಲ್ಲ. ಬ್ರೂಸ್‌ಪೇಟೆಯಲ್ಲಿ ಮೂಟೆ ಹೊರುವ ಎರ್ರಣ್ಣ ಎಂಬವನು ತನ್ನ ಅಣ್ಣನನ್ನು ನೋಡಲು ಬಂದಿದ್ದ, ಕೇಳಿದ ತಕ್ಷಣ ತೋಳು ಚಾಚಿದ. ಕೈಮುಗಿದರೆ "ಪರವಾಲೇದು ಸಾರ್" ಎಂದು ತೋಳು ಮಡಚಿಕೊಂಡು ಕೆಲಸಕ್ಕೆ ಹೋದ. ಇಷ್ಟು ಹೊತ್ತಿಗೆ ಅವನು ಮತ್ತೆ ಮೂಟೆ ಹೊರುತ್ತಿರಬೇಕು. ಅವನ ಋಣ ದೊಡ್ಡದು.

೯ ಫೆಬ್ರವರಿ

ನಿನ್ನೆ ಬರೀ ಭಯ ಇತ್ತು. ಇವತ್ತು ಸಿಟ್ಟು ಬಂದಿದೆ.

ಮೂರು ತಿಂಗಳು. ಆ ಬಟ್ಟೆಯನ್ನು ಒಳಗಿಟ್ಟುಕೊಂಡೇ ಅವಳು ರೊಟ್ಟಿ ಬಡಿದಳು, ಹಬ್ಬ ಮಾಡಿದಳು, ನನಗೆ ತೊಂದರೆಯಾಗಬಾರದೆಂದು ಹಲ್ಲು ಕಚ್ಚಿ ನಕ್ಕಳು. "ನಂದ ಏನೋ ಪಥ್ಯ ತಪ್ಪಿರಬೇಕು" ಎಂದು ತನ್ನನ್ನೇ ಬೈದುಕೊಂಡಳು.

ನನ್ನ ನೆನಪು ಉದ್ದ. ೧೯೪೯ರಲ್ಲಿ, ನಾವಿನ್ನೂ ಮದ್ರಾಸ್ ಪ್ರಾಂತಕ್ಕೆ ಸೇರಿದ್ದಾಗ, ಸಿರುಗುಪ್ಪದಲ್ಲಿ ನನ್ನ ತಂಗಿ ಕೊಟ್ರಬಸಮ್ಮನ ಕಾಲಿಗೆ ಗಾಯವಾಗಿ ಬಾತಿತ್ತು. ಒಬ್ಬ ಡಾಕ್ಟರು ಸೂಜಿ ಚುಚ್ಚಿದ. ಅವನು ಪೆಟ್ಟಿಗೆ ಮುಚ್ಚುವುದರೊಳಗೆ ತಂಗಿ ಉಸಿರಿಗೆ ಒದ್ದಾಡಿದಳು. ಕಾಲು ತಾಸಿನಲ್ಲಿ ಮುಗಿಯಿತು. ಹತ್ತೊಂಬತ್ತು ವರ್ಷದ ಹುಡುಗಿ. ಏನು ಚುಚ್ಚಿದಿರಿ ಎಂದು ನಾನು ಕೇಳಿದೆ. ಹಣೆಬರಹ ಎಂದ. ಎರಡನೆಯ ಸಲ ಕೇಳಿದಾಗ ಊರಿನ ಹಿರಿಯರೇ ನನ್ನನ್ನು ಸುಮ್ಮನಿರಿಸಿದರು. ಅವ್ವ ಸಾಯುವತನಕ ಅದನ್ನೇ ಕೇಳುತ್ತಿದ್ದಳು: ಏನ್ ಚುಚ್ಚಿದ್ನೋ, ಏನ್ ಚುಚ್ಚಿದ್ನೋ.

ಆಗ ನನಗೆ ಕಾನೂನು ಗೊತ್ತಿರಲಿಲ್ಲ. ಈಗ ಗೊತ್ತು. ಡಾಕ್ಟರಿಗೂ ಹೊಣೆಯಿದೆ, ಸಿವಿಲ್ ಕೋರ್ಟಿಗೆ ಎಳೆಯಬಹುದು ಎಂಬುದನ್ನು ಪುಸ್ತಕದಲ್ಲಿ ಗೆರೆ ಹಾಕಿ ಓದಿದ್ದೇನೆ. ಈ ಸಲ ಸುಮ್ಮನಿರುವುದಿಲ್ಲ.

೧೨ ಫೆಬ್ರವರಿ

ವಕೀಲ ಜಡೆಪ್ಪನ ಬಳಿ ಹೋಗಿದ್ದೆ. ನನ್ನ ಹಳೆಯ ವಿದ್ಯಾರ್ಥಿ, ಆಗ ಜಾಮಿಟ್ರಿಯಲ್ಲಿ ದಡ್ಡ, ಈಗ ಚುರುಕು. ತಡಮಾಡಿದರೆ ಕಾಗದಗಳು ಬದಲಾಗುತ್ತವೆ, ಇವತ್ತೇ ನೋಟೀಸು ಹೋಗಲಿ ಎಂದ. ಅಲ್ಲೇ ಟೈಪು ಮಾಡಿಸಿ ಸಹಿ ಹಾಕಿದೆ.

ಮಧ್ಯಾಹ್ನ ಗುರುಬಸಮ್ಮನಿಗೆ ಹೇಳಿದರೆ ದುರುಗುಟ್ಟಿ ನೋಡಿದಳು.

"ಅವರ ಮಂಚದ ಮ್ಯಾಲ ನಾ ಮಲಗೇನಿ, ಅವರ ಕೈಲೆ ಹೊಲಿಗಿ ಬಿಚ್ಚಿಸಬೇಕಾಗೇತಿ. ನೀವು ಅವರಿಗೇ ನೋಟೀಸು ಕೊಟ್ಟು ಬಂದೀರೇನು? ಸಾಲ್ಯಾಗೂ ಹಿಂಗ ಮಾಡ್ತಿದ್ರೇನು, ಪರೀಕ್ಷೆ ಮುಗಿಯೋದ್ರಾಗ ರಿಜಲ್ಟು?"

ಪಕ್ಕದ ಮಂಚದ ಸಾವಂತ್ರಮ್ಮ ಸೆರಗು ಅಡ್ಡಹಿಡಿದು ನಕ್ಕಳು. ಅವಳು ಸಿರುಗುಪ್ಪದ ಹತ್ತಿರ ಕೆಂಚನಗುಡ್ಡದವಳು, ಇವಳಂತೆಯೇ ಗಡ್ಡೆ. ರಕ್ತ ಕಡಿಮೆ ಇದೆಯೆಂದು ಟಾನಿಕ್ಕು ಕುಡಿಸುತ್ತ ಆಪರೇಷನ್ನನ್ನು ಮುಂದೆ ಹಾಕುತ್ತಿದ್ದಾರೆ. ನಾನಿಲ್ಲದಾಗ ಇವಳಿಗೆ ನೀರು ಕುಡಿಸುವುದು, ತಲೆ ಬಾಚುವುದು ಅವಳೇ. ಯಾವ ಜನ್ಮದ ಅಕ್ಕತಂಗಿಯರೋ.

೧೪ ಫೆಬ್ರವರಿ

ನೋಟೀಸು ಮುಟ್ಟಿದೆ. ಒಂದೇ ದಿನದಲ್ಲಿ ಇಡೀ ನರ್ಸಿಂಗ್ ಹೋಮಿನ ಬಾಯಿ ಮುಚ್ಚಿದೆ.

ಮೊನ್ನೆಯವರೆಗೆ ಡಾಕ್ಟರು ಬಂದು ಕೂತು, ಎಲ್ಲಿ ತಪ್ಪಿತು ಅಂತ ಹುಡುಕಾಕತ್ತೀನಿ ಎನ್ನುತ್ತಿದ್ದ. ಇವತ್ತು ಗಾಯ ನೋಡಿದ, ನಾಡಿ ನೋಡಿದ, ಹೋದ. ನರ್ಸ್ ಸುವರ್ಣಮ್ಮ ಆಪರೇಷನ್ ಕೋಣೆಯಲ್ಲಿ ಬಟ್ಟೆ ಎಣಿಸುವವಳು. ನವೆಂಬರಿನಲ್ಲಿ ಒಳಗೆ ಹೋದದ್ದು ಹತ್ತು, ಹೊರಗೆ ಬಂದದ್ದು ಹತ್ತು, ಆಣೆ ಮಾಡಿ ಹೇಳ್ತೀನಿ ಎಂದು ಮೊದಲ ದಿನ ಅತ್ತಿದ್ದಳು. ಈಗ ನನ್ನನ್ನು ಕಂಡರೆ ಗೋಡೆಗೆ ಸರಿದು ನಡೆಯುತ್ತಾಳೆ.

ಜಡೆಪ್ಪನಿಗೆ ಹೇಳಿದೆ. ಹೆದರ್ಯಾರ, ಚಲೋ ಆತು ಎಂದ. ಚಲೋ ಆತೇ? ಹತ್ತು ಹೋಗಿ ಹತ್ತು ಬಂದರೆ ಒಳಗೆ ಒಂದು ಉಳಿಯುವುದು ಹೇಗೆ? ಇನ್ನು ಇದನ್ನು ನನಗೆ ಯಾರು ಹೇಳುತ್ತಾರೆ? ಯಾರೋ ಸುಳ್ಳು ಹೇಳುತ್ತಿದ್ದಾರೆ.

೧೭ ಫೆಬ್ರವರಿ

ಜ್ವರ ಇಳಿದಿದೆ. ಮೂರು ತಿಂಗಳಲ್ಲಿ ಮೊದಲ ಸಲ. ಗಂಜಿ ಬೇಡ, ಚಟ್ನಿಪುಡಿ ಬೇಕು ಎಂದು ಹಟ ಮಾಡಿದಳು. ಇಷ್ಟು ಸಂತೋಷದ ಜಗಳ ನಾವು ಆಡಿಯೇ ಇರಲಿಲ್ಲ.

೧೯ ಫೆಬ್ರವರಿ

ಅರ್ಧ ಹೊಲಿಗೆ ಬಿಚ್ಚಿದರು. ಡಾಕ್ಟರ ಕೈ ಹಗುರ ಎಂದು ಇವಳು ಹೊಗಳಿದಳು.

ಎದ್ದು ಕೂರಲು ಬಿಟ್ಟಿರುವುದರಿಂದ ಈಗ ಅವಳಿಗೆ ಕಿಟಕಿಯೇ ಸಿನಿಮಾ. ಹಿಂದಿನ ಪಡಸಾಲೆಯಲ್ಲಿ ಆಯಾ ದೊಡ್ಡಬಸಮ್ಮ ಒಗೆದ ಬಟ್ಟೆ ಒಣಗಿಸಿ, ಮಡಚಿ, ಹಬೆಗೆ ಇಡಲು ಕಟ್ಟು ಕಟ್ಟುತ್ತಾಳೆ. ಹೋದ ದೀಪಾವಳಿಗೆ ಸೇರಿದವಳು. ಅದಕ್ಕೆ ಮೊದಲು ಇಪ್ಪತ್ತು ವರ್ಷ ಬ್ರೂಸ್‌ಪೇಟೆಯಲ್ಲಿ ನಿಂಬೆಹಣ್ಣು ಮಾರಿದ್ದಳಂತೆ. ಇವಳಿಗೆ ಅವಳೆಂದರೆ ಬಹಳ ಇಷ್ಟ. ಇಬ್ಬರೂ ಕಿಟಕಿಯ ಆಚೆ ಈಚೆ ಕೂತು ದಿನವಿಡೀ ಮಾತು. ಇನ್ನೂ ಪೇಟೆ ಚಾಳಿ ಬಿಟ್ಟಿಲ್ಲ, ಒಂದು ಅನ್ನುವ ಬದಲು ಲಾಭ ಅಂತಲೇ ಎಣಿಕೆ ಶುರು ಮಾಡುತ್ತಾಳೆ, ಬಟ್ಟೆಗೂ ಹತ್ತಕ್ಕೊಂದು ಕೊಸರು ಇಡುತ್ತಾಳೆ, ಕೈ ದೊಡ್ಡದು ಆಕೀದು ಎಂದು ಇವಳು ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕರೆ ನೋಯುತ್ತದಂತೆ, ಆದರೂ ನಕ್ಕಳು. ಆ ನಗುವನ್ನು ಕೇಳಿಸಿದ ದೊಡ್ಡಬಸಮ್ಮನಿಗೂ ನಾನು ಋಣಿ.

ನೋಟೀಸಿಗೆ ಇನ್ನೂ ಉತ್ತರ ಬಂದಿಲ್ಲ.

೨೦ ಫೆಬ್ರವರಿ

ಬೆಳಗ್ಗೆ ಎರ್ರಣ್ಣನನ್ನು ಕಂಡುಬರೋಣವೆಂದು ಬ್ರೂಸ್‌ಪೇಟೆಗೆ ಹೋದೆ. ಅವನು ಮೂಟೆಗಳ ನಡುವೆ ಸಿಕ್ಕ, ಅವನ ಮಗಳಿಗೆಂದು ಒಯ್ದಿದ್ದ ಬಟ್ಟೆಯನ್ನು ನಾಚಿಕೊಂಡೇ ತೆಗೆದುಕೊಂಡ. ವಾಪಸು ಬರುವಾಗ ಗುರುಬಸಮ್ಮನಿಗೆ ಪಾನಕಕ್ಕೆಂದು ಹತ್ತು ನಿಂಬೆಹಣ್ಣು ಕೊಂಡೆ. ಮುದುಕಿ ಹತ್ತು ಎಣಿಸಿ ಚೀಲಕ್ಕೆ ಹಾಕಿದಳು. ಆಮೇಲೆ ನನ್ನ ಮುಖವನ್ನೂ ನೋಡದೆ ಇನ್ನೊಂದನ್ನು ಎತ್ತಿ ಹಾಕಿದಳು.

ನಾನು ಎಷ್ಟು ಹೊತ್ತು ಅಲ್ಲೇ ನಿಂತಿದ್ದೆನೋ. ಹಿಂದಿನ ಗಾಡಿಯವನು "ಯಜಮಾನ್ರ, ನಿದ್ದಿ ಮಾಡಾಕ ಮನಿ ಇಲ್ಲೇನು" ಎಂದ.

ಹತ್ತರ ಕಟ್ಟು. ಹತ್ತರ ಮೇಲೊಂದು, ದೊಡ್ಡಬಸಮ್ಮನ ಕೊಸರು. ಸುವರ್ಣಮ್ಮ ಕಟ್ಟಿಗೆ ಹತ್ತೆಂದೇ ಹಿಡಿದಳು, ಹೊರಗೆ ಹತ್ತು ಬಂದವು, ಲೆಕ್ಕ ಸರಿಹೋಯಿತು. ಹನ್ನೊಂದನೆಯದು ನನ್ನ ಹೆಂಡತಿಯ ಹೊಟ್ಟೆಯಲ್ಲಿ ಉಳಿಯಿತು. ಯಾರೂ ಸುಳ್ಳು ಹೇಳಿಲ್ಲ. ನಿನ್ನೆ ನಾನೇ ಇದೇ ಪುಸ್ತಕದಲ್ಲಿ ಬರೆದಿದ್ದೇನೆ, ಬರೆದು ಮಗ್ಗುಲಾಗಿ ಮಲಗಿದ್ದೇನೆ. ಗಣಿತದ ಮಾಸ್ತರ!

ನೇರ ಜಡೆಪ್ಪನಲ್ಲಿಗೆ ಹೋದೆ. ಅವನು ಕುರ್ಚಿಯಿಂದ ಎದ್ದೇ ಬಿಟ್ಟ.

"ಮಾಸ್ತರ, ಕೇಸು ಗೆದ್ದಂಗ. ಆದರ ಬಾಯಿ ಬಿಡಬ್ಯಾಡ್ರಿ. ಈಗ ಹೇಳಿದ್ರ ಅವರು ನಾಳೇನ ಸರಿ ಮಾಡ್ಕೊಂತಾರ, ಆಮ್ಯಾಲ ಹಂಗ ಇರಲೇ ಇಲ್ಲ ಅಂತಾರ. ಆಯಾನ್ನ ಊರು ಬಿಡಿಸ್ತಾರ. ಕೋರ್ಟಿನ್ಯಾಗ ಆಕೀನ್ನ ನಿಲ್ಲಿಸಿ ನಾವ ಕೇಳೋಣು."

ಕೋರ್ಟು ಯಾವಾಗ ಎಂದೆ. ಎರಡು ವರ್ಷ, ಮೂರು ವರ್ಷ ಎಂದ.

ಅವನು ಹೇಳುವುದರಲ್ಲಿ ತಪ್ಪಿಲ್ಲ. ತಂಗಿ ಕೊಟ್ರಬಸಮ್ಮನ ವಿಷಯದಲ್ಲಿ ನನಗೆ ಸಿಗದಿದ್ದಂಥ ಪುರಾವೆ ಮೂವತ್ತು ವರ್ಷಕ್ಕೆ ಕೈಗೆ ಬಂದಿದೆ. ಅದನ್ನು ನಾನೇ ಎದುರಾಳಿಗೆ ಒಯ್ದು ಕೊಡುವುದೇ? ನಾಳೆ ಹತ್ತು ಗಂಟೆಗೆ ಸಾವಂತ್ರಮ್ಮನ ಆಪರೇಷನ್ನು. ಪ್ರತಿ ಸಲ ಬಟ್ಟೆ ಉಳಿದೇ ಉಳಿಯುತ್ತದೆ ಎಂದೇನೂ ಇಲ್ಲ. ದೀಪಾವಳಿಯಿಂದ ಎಷ್ಟೋ ಆಪರೇಷನ್ನು ಆಗಿವೆ. ಆಗುವುದಾದರೆ ನಾಳೆಯೇ ಆಗಬೇಕೆಂದೂ ಇಲ್ಲ.

ಸಂಜೆ ಸಾವಂತ್ರಮ್ಮ ತನ್ನ ಬುತ್ತಿಯಿಂದ ಜೋಳದ ರೊಟ್ಟಿ ತಂದುಕೊಟ್ಟಳು. ನಾಳೆ ತಾನು ಉಣ್ಣುವ ಹಾಗಿಲ್ಲವಂತೆ.

"ಮಾಸ್ತರ, ನಾ ಎದ್ದು ಬರೋತನ ಯಕ್ಕಗ ನೀರು ಕೊಡೋ ಕೆಲಸ ನಿಮ್ಮದು. ಮರೀಬ್ಯಾಡ್ರಿ ಮತ್ತ."

ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಕಿಟಕಿಯ ಮೇಲಿಟ್ಟೆ.

೨೧ ಫೆಬ್ರವರಿ

ಒಂಬತ್ತೂವರೆಗೆ ಆಪರೇಷನ್ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಗುರುಬಸಮ್ಮನಿಗೆ ಹೇಳಲಿಲ್ಲ, ಹೇಳಿದ್ದರೆ ಇಷ್ಟು ತಡ ಯಾಕೆ ಎಂದು ಕೇಳುತ್ತಿದ್ದಳು.

ಸುವರ್ಣಮ್ಮ ಬಾಗಿಲಲ್ಲೇ ತಡೆದಳು. "ನಿಮ್ಮ ಜೊತಿ ಮಾತಾಡಬಾರದು ಅಂತ ಹೇಳ್ಯಾರ್ರಿ."

"ಮಾತಾಡಬ್ಯಾಡವಾ. ಒಂದು ಕಟ್ಟು ಬಿಚ್ಚಿ ಎಣಿಸು."

ಹಬೆಯಿಂದ ಬಂದ ಕಟ್ಟನ್ನು ಬಿಚ್ಚಿದರೆ ಮತ್ತೆ ಹಬೆಗೆ ಇಡಬೇಕಾಗುತ್ತದೆ, ಆಪರೇಷನ್ನು ತಡವಾಗುತ್ತದೆ, ಆಗೋದಿಲ್ಲ ಎಂದಳು. ನಾನು ಬಾಗಿಲಿನಿಂದ ಸರಿಯಲಿಲ್ಲ. ಗದ್ದಲ ಕೇಳಿ ಡಾಕ್ಟರು ಬಂದರು. ನನ್ನ ಮುಖ ನೋಡಿದರು, ಬಿಚ್ಚು ಎಂದರು.

ಒಂಬತ್ತರವರೆಗೆ ಸುವರ್ಣಮ್ಮ ಬೇಗ ಬೇಗ ಎಣಿಸಿದಳು. ಹತ್ತಕ್ಕೆ ನಿಂತಳು. ಮಡಿಕೆಯ ಒಳಗೆ ಇನ್ನೊಂದು ಇತ್ತು. ಇನ್ನೊಂದು ಕಟ್ಟು ಬಿಚ್ಚಿದಳು, ಹನ್ನೊಂದು. ಕಪಾಟಿನಲ್ಲಿದ್ದ ಎಲ್ಲ ಕಟ್ಟುಗಳೂ ಹನ್ನೊಂದು. ಆಗ ಅವಳಿಗೆ ನೆನಪಾಯಿತು. ಎಷ್ಟೋ ಸಲ ಆಪರೇಷನ್ ಮುಗಿದ ಮೇಲೆ ಒಂದು ಹೆಚ್ಚಿಗೆ ಬಂದಿತ್ತಂತೆ. ಕಡಿಮೆ ಬಂದರೆ ತಾನೇ ಹುಡುಕುವುದು? ಹೆಚ್ಚು ಬಂದದ್ದನ್ನು ಯಾರೂ ಕೇಳಿರಲಿಲ್ಲ.

ದೊಡ್ಡಬಸಮ್ಮನನ್ನು ಕರೆಸಿದರು. ಅವಳಿಗೆ ಪ್ರಶ್ನೆಯೇ ತಿಳಿಯಲಿಲ್ಲ.

"ಬರೇ ಹತ್ತು ಹೆಂಗ ಕೊಡಾದ್ರಿ ಸಾಯೇಬ್ರ? ಗಾಯದವರ ಬಟ್ಟಿಗೆ ನಾ ಜುಗ್ಗತನ ಮಾಡ್ಲೇನು?"

ಸುವರ್ಣಮ್ಮ ಹನ್ನೊಂದನೆಯ ಬಟ್ಟೆಯನ್ನು ಎತ್ತಿ ತೋರಿಸಿದಳು. ಅವಳು ಒಬ್ಬೊಬ್ಬರ ಮುಖ ನೋಡಿದಳು, ಕೊನೆಗೆ ನನ್ನದನ್ನು. ಆಗ ಅವಳಿಗೆ ತಿಳಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲಕ್ಕೆ ಕುಸಿದಳು.

ಉಜ್ಜಿನಪ್ಪನವರು ಅವಳ ಎದುರಿಗೆ ಅಲ್ಲೇ ನೆಲದ ಮೇಲೆ ಕೂತರು. ತಾನು ಹತ್ತು ಇಡು ಎಂದು ಹೇಳಿದ್ದೆನೇ ಹೊರತು ಆ ಹತ್ತು ಯಾತಕ್ಕೆ ಎಂದು ಹೇಳಿರಲಿಲ್ಲ, ತಪ್ಪು ತನ್ನದು ಎಂದು ಅವಳಿಗೆ ತಿಳಿಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದನ್ನ ನನಗ ಹೇಳು ಅಂತ ನಿಮ್ಮ ವಕೀಲರು ಅಂದ್ರೇನು, ಮಾಸ್ತರ?"

"ಹೇಳಬ್ಯಾಡ ಅಂದ್ರು."

"ನಮ್ಮ ವಕೀಲರೂ ನನಗ ಅದನ್ನ ಹೇಳ್ಯಾರ. ಏನೂ ಮಾತಾಡಬ್ಯಾಡ, ಏನೂ ಬರೀಬ್ಯಾಡ ಅಂತ."

ಕಟ್ಟುಗಳು ಮತ್ತೆ ಹಬೆಗೆ ಹೋದವು. ಸಾವಂತ್ರಮ್ಮನ ಆಪರೇಷನ್ನು ಮಧ್ಯಾಹ್ನ ಮೂರಕ್ಕೆ ನಡೆಯಿತು.

೨೨ ಫೆಬ್ರವರಿ

ಸಾವಂತ್ರಮ್ಮ ಎದ್ದು ನೀರು ಕೇಳಿದಳು. ಕುಡಿಸಿದೆ.

೨೫ ಫೆಬ್ರವರಿ, ಕುರುಗೋಡು

ಮನೆ. ಬಸ್ಸಿನ ಕಂಡಕ್ಟರು ಮುಂದಿನ ಸೀಟು ಬಿಡಿಸಿಕೊಟ್ಟ, ಡ್ರೈವರು ಪ್ರತಿ ತಗ್ಗಿನಲ್ಲೂ ನಿಧಾನ ಮಾಡಿದ. ಅವರಿಬ್ಬರ ಹೆಸರು ಕೇಳಬೇಕಿತ್ತು. ಗುರುಬಸಮ್ಮ ಹೊಸ್ತಿಲಲ್ಲಿ ನಿಂತು, ಮೂರು ತಿಂಗಳಿಂದ ಯಾರೂ ಇರಲಿಲ್ಲವೆಂಬಂತೆ ಮನೆಯನ್ನು ನೋಡಿದಳು. ಒಂದರ್ಥದಲ್ಲಿ ನಿಜ.

೧೮ ಮಾರ್ಚ್

ಇವತ್ತು ಭಾನುವಾರ. ಉಜ್ಜಿನಪ್ಪನವರು ತಾವಾಗಿಯೇ ಕುರುಗೋಡಿಗೆ ಬಂದಿದ್ದರು. ಚಹಾ ಕುಡಿಯುವ ಮೊದಲೇ ಜೇಬಿನಿಂದ ಎರಡು ಹಾಳೆ ತೆಗೆದು ಕೊಟ್ಟರು. ನವೆಂಬರಿನಲ್ಲಿ ಆದದ್ದು, ಮೂರು ಸಲ ವಾಯು ಎಂದು ಕಳಿಸಿದ್ದು, ಕಟ್ಟಿನ ಹನ್ನೊಂದು, ಎಲ್ಲವನ್ನೂ ತಮ್ಮ ಕೈಯಾರೆ ಬರೆದು ಸಹಿ ಹಾಕಿದ್ದರು. ದೊಡ್ಡಬಸಮ್ಮನ ಹೆಸರೂ ಇಲ್ಲ, ಸುವರ್ಣಮ್ಮನ ಹೆಸರೂ ಇಲ್ಲ. ಎಲ್ಲ ವಾಕ್ಯದಲ್ಲೂ ನಾನು, ನಾನು. ದೀಪಾವಳಿಯಿಂದ ಈಚೆಗೆ ಆಪರೇಷನ್ ಆದ ಹೆಂಗಸರನ್ನೆಲ್ಲ ಕರೆಸಿ ನೋಡಿದ್ದಾರೆ, ಯಾರಿಗೂ ತೊಂದರೆಯಿಲ್ಲ. ಊರಿನ ಉಳಿದ ಡಾಕ್ಟರುಗಳಿಗೂ ಕಟ್ಟು ಬಿಚ್ಚಿ ಎಣಿಸಿರಿ ಎಂದು ಬರೆದಿದ್ದಾರೆ. ಅದಕ್ಕೆ ಇಬ್ಬರು ಇವರ ಜೊತೆ ಮಾತು ಬಿಟ್ಟಿದ್ದಾರಂತೆ.

"ಕೋರ್ಟಿಗೆ ಹೋಗೋದಾದ್ರ ಇದನ್ನ ಇಡ್ರಿ," ಎಂದರು.

ಗುರುಬಸಮ್ಮ ಓದಿಸಿ ಕೇಳಿದಳು. ಎರಡು ಸಲ ಓದಿಸಿದಳು. ಆಮೇಲೆ ನನ್ನನ್ನು ನೋಡಿದಳು.

"ಹೊಟ್ಟಿ ನಂದು. ಕೇಸು ಯಾರದು?"

ನಿಂದ ಎಂದೆ. ಹಂಗಾದ್ರ ನಾ ಹೇಳ್ತೀನಿ ಎಂದು ಡಾಕ್ಟರ ಕಡೆ ತಿರುಗಿದಳು. ಕೋರ್ಟು ಕೊಡುವಂಥದ್ದು ಯಾವುದೂ ಅವಳಿಗೆ ಬೇಡವಂತೆ. ಆದರೆ ಇನ್ನು ಮೇಲೆ ಆ ಮೇಜಿನ ಮೇಲೆ ಯಾವ ಹೆಂಗಸು ಮಲಗಿದರೂ, ಅವಳಿಗೆ ಮಂಪರು ಬರುವ ಮೊದಲು, ಅವಳ ಕಿವಿಗೆ ಬೀಳುವಂತೆ ಇಬ್ಬರು ಕೂಡಿ ಬಟ್ಟೆ ಎಣಿಸಬೇಕು. ಎದ್ದ ಮೇಲೆ ಎಷ್ಟು ಬಂದವೆಂದು ಅವಳಿಗೆ ಹೇಳಬೇಕು.

"ಏನ್ ಒಳಗ ಹೋತು, ಏನ್ ಹೊರಗ ಬಂತು, ಮಲಗಿದಾಕಿಗೆ ಗೊತ್ತಿರಬೇಕ್ರಿ."

ಆಗಲಿ ಎಂದರು.

ಆಮೇಲೆ ನನಗೆ ಏನಾಯಿತೋ, ಮೂವತ್ತು ವರ್ಷ ಹೊರಗಿನವರ ಎದುರು ಎತ್ತದಿದ್ದ ಕೊಟ್ರಬಸಮ್ಮನ ವಿಷಯ ಎತ್ತಿದೆ. ಅವರು ತಡೆಯದೆ ಕೇಳಿದರು. ಬಾತದ್ದು ಎಷ್ಟು, ಸೂಜಿಯ ನಂತರ ಮೈಮೇಲೆ ದದ್ದು ಎದ್ದಿದ್ದವೇ, ತುಟಿ ಊದಿತ್ತೇ ಎಂದು ಕೇಳಿದರು. ಊದಿತ್ತು. ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

"ಪೆನ್ಸಿಲಿನ್ ಇದ್ದಿರಬೇಕು ಮಾಸ್ತರ. ಕೆಲವರ ಮೈಗೆ ಅದು ಆಗಿಬರೋದಿಲ್ಲ. ಮೊದಲು ಒಂದು ಹನಿ ಚುಚ್ಚಿ ನೋಡೋದು ಆವಾಗ ಎಲ್ಲಾರೂ ಮಾಡ್ತಿರಲಿಲ್ಲ. ನಾ ಅಲ್ಲಿ ಇರಲಿಲ್ಲ, ಖಾತ್ರಿ ಹೇಳಾಕ ಬರೋದಿಲ್ಲ. ಆದರ ಹಣೆಬರಹ ಅಲ್ಲ."

ಅವ್ವ ಇದ್ದಿದ್ದರೆ! ಅವಳ ಪ್ರಶ್ನೆಗೆ ಉತ್ತರ ಕೊಡಲು ಒಬ್ಬ ಡಾಕ್ಟರಿಗೆ ಎರಡು ನಿಮಿಷ ಸಾಕಾಯಿತು. ಅವರು ಹೋದ ಮೇಲೆ ಹಿತ್ತಲಿಗೆ ಹೋಗಿ ಅತ್ತೆ. ಬಹಳ ಹಗುರವಾಯಿತು.

೨೬ ಮಾರ್ಚ್

ನೋಟೀಸು ಹಿಂತೆಗೆದುಕೊಂಡೆ. ಜಡೆಪ್ಪ ಹಣೆ ಚಚ್ಚಿಕೊಂಡ. ನಿಮ್ಮಂಥವರು ನಾಲ್ಕು ಮಂದಿ ಇದ್ರ ನಾವು ಕರಿ ಕೋಟು ಮಾರಬೇಕಾಗ್ತೈತಿ ಎಂದ. ಆಮೇಲೆ ಚಹಾ ತರಿಸಿದ.

ನನ್ನ ಸಿಟ್ಟು ಇಳಿದಿದೆ ಎಂದು ಯಾರೂ ತಿಳಿಯಬಾರದು. ಉಜ್ಜಿನಪ್ಪನವರು ತಟ್ಟೆ ಹಿಡಿದು ಹೊರಗೆ ಬರದೇ ಇದ್ದಿದ್ದರೆ ನನಗೆ ಕೋರ್ಟೊಂದೇ ದಾರಿ. ಅಂಥ ಮನುಷ್ಯ ಸಿಗದವರಿಗೆ ಇವತ್ತಿಗೂ ಅದೊಂದೇ ದಾರಿ, ಅದನ್ನು ಮುಚ್ಚಬಾರದು. ಆದರೆ ಆ ಬಾಗಿಲು ತಟ್ಟಿದ ಕೂಡಲೇ ಎಲ್ಲರ ಬಾಯಿ ಮುಚ್ಚುವುದಾದರೆ, ತಪ್ಪು ಆದದ್ದು ಹೇಗೆಂದು ತಿಳಿಯುವುದರೊಳಗೆ ಇನ್ನೊಂದು ಹೊಟ್ಟೆ ಕೊಯ್ದಿರುತ್ತಾರೆ. ಹೊಣೆಯೂ ಇರಬೇಕು, ನಿಜವೂ ಹೊರಗೆ ಬರಬೇಕು. ಈ ಎರಡೂ ಕೂಡುವ ಕಾನೂನು ಬರೆಯಲು ನಮ್ಮಲ್ಲಿ ಬುದ್ಧಿವಂತರಿಲ್ಲವೇ? ಆರು ಪುಟ ಬರೆದು ಪತ್ರಿಕೆಗೆ ಕಳಿಸಿದ್ದೇನೆ. ಹಾಕಲಿಕ್ಕಿಲ್ಲ. ಮತ್ತೆ ಕಳಿಸುತ್ತೇನೆ.

೨೧ ಏಪ್ರಿಲ್, ಬಳ್ಳಾರಿ

ಗಾಯ ತೋರಿಸಲು ಬಂದಿದ್ದೆವು. ಪೂರ್ತಿ ಮಾಯ್ದಿದೆ. ಇನ್ನು ಬರಬೇಕಾಗಿಲ್ಲ, ಬರೋದಾದ್ರ ಊಟಕ್ಕ ಬರ್ರಿ ಎಂದರು ಡಾಕ್ಟರು.

ಮೊದಲಿಗೆ ಅವರು ಒಳಗಿದ್ದರು, ಯಾರದೋ ಆಪರೇಷನ್ನು. ನಾವು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆವು. ಬಾಗಿಲಿನ ಆಚೆಯಿಂದ ಎರಡು ದನಿ ಒಟ್ಟಿಗೆ ಕೇಳಿಸಿದವು, ಒಂದು ಸುವರ್ಣಮ್ಮನದು, ಇನ್ನೊಂದು ದೊಡ್ಡಬಸಮ್ಮನದು. ಗುರುಬಸಮ್ಮ ನನ್ನ ಮೊಣಕೈ ಹಿಡಿದಳು.

ಸುವರ್ಣಮ್ಮ ಒಂದು ಎಂದಳು. ದೊಡ್ಡಬಸಮ್ಮ ಲಾಭ ಎಂದಳು. ಅದನ್ನು ಬಿಡಿಸಲು ಯಾರಿಂದಲೂ ಆಗಿಲ್ಲವಂತೆ. ಅಲ್ಲಿಂದ ಮುಂದೆ ಇಬ್ಬರದೂ ಒಂದೇ: ಎರಡು, ಮೂರು, ನಾಲ್ಕು. ಒಳಗೆ ಮಲಗಿದವಳು ಯಾರೋ, ಅವಳೂ ಸಣ್ಣ ದನಿಯಲ್ಲಿ ಜೊತೆಗೆ ಎಣಿಸುತ್ತಿದ್ದಳು. ಎಂಟು, ಒಂಬತ್ತು, ಹತ್ತು.

ನಾನು ಉಸಿರು ಹಿಡಿದು ಕಾದೆ. ಪಕ್ಕದಲ್ಲಿ ಅವಳೂ ಕಾದಳು.

ಹತ್ತರ ಮೇಲೆ ಇನ್ನೊಂದು ಬರಲಿಲ್ಲ.